ಹುಬ್ಬಳ್ಳಿಯಿಂದ ಜೈಪುರಕ್ಕೆ ಇಬ್ಬರು ಸಣ್ಣ ಮಕ್ಕಳೊಂದಿಗೆ ಕಾರಿನಲ್ಲಿ: ಎಲ್ಲಿ ನಿಲ್ಲಬೇಕು, ಎಲ್ಲಿ ವಸ್ತಿ ಮಾಡಬೇಕು?

ವಿದ್ಯಾನಗರದ ತಾಯಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಜೈಪುರದಲ್ಲಿ ನೌಕರಿಯಲ್ಲಿದ್ದಾನೆ. ಬರುವ ದಸರಾ ರಜೆಯಲ್ಲಿ ನಾನು, ನಮ್ಮ ಯಜಮಾನರು, ಐದು ವರ್ಷದ ಮಗಳು ಮತ್ತು ಈಗಷ್ಟೇ ಎರಡು ತುಂಬಿದ ಮಗ ನಮ್ಮದೇ ಕಾರಿನಲ್ಲಿ ಅವನಲ್ಲಿಗೆ ಹೊರಟಿದ್ದೇವೆ. ರೈಲಿನಲ್ಲಿ ಹೋಗಿರೆಂದು ಹೇಳುವವರು ಮನೆಯಲ್ಲಿಯೇ ಬೇಕಾದಷ್ಟು ಜನರಿರುವುದರಿಂದ ಆ ಸಲಹೆಯೊಂದನ್ನು ಇಲ್ಲಿ ಯಾರೂ ಕೊಡಬಾರದೆಂದು ವಿನಂತಿ. ಬರುವಾಗ ನಾನೂ ಮಕ್ಕಳೂ ಅಜ್ಮೇರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಮೈಸೂರಿಗೆ ಹೋಗುವ ರೈಲಿನಲ್ಲಿಯೇ ಬರುತ್ತೇವೆ, ಕಾರನ್ನು ಯಜಮಾನರು ಮತ್ತು ತಮ್ಮ ಸೇರಿ ತರುತ್ತಾರೆ. ಆದ್ದರಿಂದ ನನ್ನ ಪ್ರಶ್ನೆ ಹೋಗುವ ಹಾದಿಯದ್ದು ಮಾತ್ರ.

ಯಜಮಾನರು ಹಾಕಿರುವ ಲೆಕ್ಕ ಹೀಗಿದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿ, ಕೊಲ್ಹಾಪುರ, ಪುಣೆ ದಾಟಿ ಮೊದಲ ದಿನ ಠಾಣೆಯ ಆಚೆಗೆ, ಎರಡನೆಯ ದಿನ ಅಹಮದಾಬಾದಿಗೆ, ಮೂರನೆಯ ದಿನ ರಾತ್ರಿಯ ಊಟಕ್ಕೆ ಜೈಪುರಕ್ಕೆ. ಒಟ್ಟು ಸುಮಾರು 1,750 ಕಿಲೋಮೀಟರು, ದಿನಕ್ಕೆ ಆರುನೂರರ ಹತ್ತಿರ. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ಆದರೆ ಹೋದ ತಿಂಗಳು ಸವದತ್ತಿಗೆ ಹೋಗಿ ಬರುವಷ್ಟರಲ್ಲಿಯೇ ಮಗ ಎರಡು ಸಲ ವಾಂತಿ ಮಾಡಿಕೊಂಡ, ಮಗಳು ಊರು ಬಂತೇ ಎಂದು ಎಷ್ಟು ಸಲ ಕೇಳಿದಳೆಂಬುದನ್ನು ನಾನು ಎಣಿಸುವುದನ್ನೇ ಬಿಟ್ಟೆ. ಹಾಗಾದರೆ ಎಷ್ಟು ಹೊತ್ತಿಗೊಮ್ಮೆ ನಿಲ್ಲಬೇಕು, ಯಾವ ಊರುಗಳಲ್ಲಿ ಮಲಗಬೇಕು, ಊಟಕ್ಕೆ ಏನು ಕಟ್ಟಿಕೊಳ್ಳಬೇಕು ಎಂಬುದನ್ನು ಮಕ್ಕಳೊಂದಿಗೆ ಇಷ್ಟು ದೂರ ಹೋಗಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಹಾವೇರಿಯ ಅಪ್ಪ

ಅಕ್ಕಾವರೆ, ನಿಮ್ಮ ಯಜಮಾನರ ಲೆಕ್ಕವನ್ನು ಎರಡು ವರ್ಷದ ಹಿಂದೆ ನಾನೂ ಹಾಕಿದ್ದೆ. ಮೂರು ವರ್ಷದ ಮಗನನ್ನು ಕರೆದುಕೊಂಡು ನಾವು ಉದಯಪುರಕ್ಕೆ ಹೋಗಬೇಕಾಗಿತ್ತು. ನಸುಕಿನ ನಾಲ್ಕಕ್ಕೆ ಹಾವೇರಿ ಬಿಟ್ಟೆವು, ಬೆಳಗಾವಿಯವರೆಗೆ ಹುಡುಗ ಮಲಗಿದ್ದರಿಂದ ನನಗೆ ಹುಮ್ಮಸ್ಸು ಬಂದಿತು, ನಿಪ್ಪಾಣಿಯ ಹತ್ತಿರ ಅವನು ಎದ್ದಾಗಲೂ ಇನ್ನೊಂದು ಐವತ್ತು ಕಿಲೋಮೀಟರು ಹೋಗಿಯೇ ನಿಲ್ಲಿಸೋಣ ಎಂದು ಓಡಿಸಿದೆ. ಆ ಐವತ್ತು ಕಿಲೋಮೀಟರಿನ ಬೆಲೆಯನ್ನು ಪುಣೆಯಿಂದ ಮುಂದೆ ತೆತ್ತೆವು. ಮಧ್ಯಾಹ್ನದ ನಿದ್ದೆ ಅವನಿಗೆ ಬರಲಿಲ್ಲ, ಠಾಣೆಯ ಸುತ್ತಿನಲ್ಲಿ ಲಾರಿಗಳ ಸಾಲಿನ ನಡುವೆ ಎರಡು ತಾಸು ಸಿಕ್ಕಿಕೊಂಡೆವು, ಸಂಜೆಯಿಡೀ ಅತ್ತ. ರಾತ್ರಿ ಹನ್ನೊಂದೂವರೆಗೆ ಮುಟ್ಟಿದ ವಸತಿಗೃಹದಲ್ಲಿ (ಹೆಸರು ಬೇಡ) ಮುಂಗಡ ಕಾಯ್ದಿರಿಸಿದ ಕೋಣೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು, ಉಳಿದ ಕೋಣೆಯೋ ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿಯಲ್ಲಿ. ಆ ಹೊತ್ತಿನಲ್ಲಿ ಮಲಗಿದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬೇರೆ ಜಾಗ ಹುಡುಕುವ ಶಕ್ತಿ ಯಾರಿಗಿರುತ್ತದೆ?

ಆಮೇಲೆ ನಾನು ಕಲಿತದ್ದು ಎರಡೇ. ಒಂದು, ದಿನಕ್ಕೆ ಮುನ್ನೂರರಿಂದ ಮುನ್ನೂರೈವತ್ತು ಕಿಲೋಮೀಟರು ಸಾಕು. ಎರಡು, ವಸ್ತಿಯ ಊರನ್ನು ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಮುಟ್ಟಿಬಿಡಬೇಕು. ಬೆಳಕಿದ್ದಾಗ ಕೋಣೆ ಸರಿಯಿಲ್ಲದಿದ್ದರೆ ಬೇರೆ ನೋಡಬಹುದು, ಮಕ್ಕಳಿಗೆ ಸಂಜೆ ಓಡಾಡಲು ಸಿಗುತ್ತದೆ, ಓಡಾಡಿದ ಮಕ್ಕಳು ರಾತ್ರಿ ಮಲಗುತ್ತಾರೆ, ಮಕ್ಕಳು ಮಲಗಿದರೆ ಮರುದಿನ ಗಾಡಿ ಓಡಿಸುವವನ ಕಣ್ಣೂ ನೆಟ್ಟಗಿರುತ್ತದೆ.

ನರಗುಂದ ರಸ್ತೆಯ ಚಾಲಕ, ಗದಗ

ನಾನು ಇಪ್ಪತ್ತೆರಡು ವರ್ಷಗಳಿಂದ ಬಾಡಿಗೆ ಗಾಡಿ ಓಡಿಸುತ್ತಿದ್ದೇನೆ. ಉತ್ತರದ ಕಡೆಗೆ ಯಾತ್ರೆಯ ಜನರನ್ನು ಹಲವು ಸಲ ಕರೆದುಕೊಂಡು ಹೋಗಿದ್ದರಿಂದ ಧೈರ್ಯದಿಂದ ಹೇಳುತ್ತೇನೆ, ತಾಯಿ: ನೀವು 48 ಬಿಟ್ಟು 52 ಹಿಡಿಯಿರಿ.

ಇದನ್ನು ಹುಬ್ಬಳ್ಳಿಯವರೇ ಎಷ್ಟೋ ಜನ ಗಮನಿಸಿಲ್ಲ. ಚೆನ್ನೈ ಕಡೆಯಿಂದ ಬೆಂಗಳೂರು, ದಾವಣಗೆರೆ, ಹಾವೇರಿಯ ಮೇಲೆ ದಿಲ್ಲಿಗೆ ಹೋಗುವ 48ನೆಯ ಹೆದ್ದಾರಿಯೂ, ಅಂಕೋಲೆಯಿಂದ ಯಲ್ಲಾಪುರದ ಘಟ್ಟ ಹತ್ತಿ ಪಂಜಾಬಿನ ಸಂಗ್ರೂರಿಗೆ ಹೋಗುವ 52ನೆಯ ಹೆದ್ದಾರಿಯೂ ಹುಬ್ಬಳ್ಳಿಯಲ್ಲಿ ಒಂದನ್ನೊಂದು ದಾಟುತ್ತವೆ. ಇಲ್ಲಿ ಅಗಲಿದ ಆ ಎರಡು ರಸ್ತೆಗಳು ಮತ್ತೆ ಕೂಡುವುದು ಎಲ್ಲಿ ಗೊತ್ತೇ? ನಿಮ್ಮ ತಮ್ಮನ ಜೈಪುರದಲ್ಲಿ. ಒಂದು ಪಡುವಲಿನಿಂದ ಪುಣೆ, ಸೂರತ್, ವಡೋದರಾ, ಉದಯಪುರ ಸುತ್ತಿ ಹೋಗುತ್ತದೆ. ಇನ್ನೊಂದು ನವಲಗುಂದ, ನರಗುಂದ, ವಿಜಯಪುರ, ಸೊಲ್ಲಾಪುರ, ತುಳಜಾಪುರ, ಬೀಡ್, ಸಂಭಾಜಿನಗರ (ನಮ್ಮ ಬಾಯಲ್ಲಿ ಇನ್ನೂ ಔರಂಗಾಬಾದ್), ಧುಳೆ, ಇಂದೋರ್, ಕೋಟಾ ಹಿಡಿದು ನಡುನಾಡಿನ ಮೇಲೆ ಹೋಗುತ್ತದೆ. ದೂರದಲ್ಲಿಯೂ ಎರಡನೆಯದು ಮೊದಲನೆಯದಕ್ಕಿಂತ ನೂರು ಕಿಲೋಮೀಟರಿಗೂ ಮಿಗಿಲಾಗಿ ಚಿಕ್ಕದು. ಪುಣೆ, ಠಾಣೆ, ಸೂರತ್ತಿನಂತಹ ದೊಡ್ಡ ಊರುಗಳ ದಟ್ಟಣೆಯನ್ನು ಒಂದರ ಹಿಂದೆ ಒಂದರಂತೆ ದಾಟುವ ಕಷ್ಟ ಇದರಲ್ಲಿಲ್ಲ.

ದೋಷವನ್ನೂ ಹೇಳಿಬಿಡುತ್ತೇನೆ. ಹುಬ್ಬಳ್ಳಿಯಿಂದ ವಿಜಯಪುರದವರೆಗೆ ಬಹುಪಾಲು ಎರಡೇ ಪಥದ ರಸ್ತೆ, ಎದುರಿನಿಂದ ಬರುವ ಬಸ್ಸು ಲಾರಿಗಳನ್ನು ನೋಡಿಕೊಂಡೇ ಮುಂದೆ ಹೋಗಬೇಕು. ವಿಜಯಪುರದಿಂದ ಸೊಲ್ಲಾಪುರಕ್ಕೆ ನಾಲ್ಕು ಪಥ ಆಗಿದೆ. ಹದಿನೆಂಟು ತಾಸಿನಲ್ಲಿ 25.54 ಕಿಲೋಮೀಟರು ಡಾಂಬರು ಹಾಕಿದರೆಂದು 2021ರಲ್ಲಿ ಸುದ್ದಿಯಾಗಿದ್ದು ಇದೇ ರಸ್ತೆ. ಇನ್ನೊಂದು ಮಾತು ನಿಮ್ಮ ಯಜಮಾನರು ಕಾರನ್ನು ಹಿಂದಕ್ಕೆ ತರುವಾಗ ಬೇಕಾಗುತ್ತದೆ. ದಸರಾ ಕಳೆದ ಮೇಲೆ ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತವೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಕೊಲ್ಹಾಪುರದ ಕಡೆ ಎರಡೆರಡು ಟ್ರಾಲಿ ಕಬ್ಬು ಕಟ್ಟಿದ ಟ್ರ್ಯಾಕ್ಟರುಗಳು ಹಿಂಬದಿಯ ದೀಪವಿಲ್ಲದೆ ರಾತ್ರಿ ನಿಂತಿರುತ್ತವೆ. ಕತ್ತಲಾದ ಮೇಲೆ ಆ ಭಾಗದಲ್ಲಿ ಓಡಿಸಬೇಡಿರೆಂದು ನಾನು ದೊಡ್ಡವರಿಗೂ ಹೇಳುತ್ತೇನೆ.

ಸಪ್ತಾಪುರದ ಅಜ್ಜಿ, ಧಾರವಾಡ

ನಾನು ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತೊಂದು ವರ್ಷ. ಕಾರಿನ ವಿಚಾರ ನನಗೆ ತಿಳಿಯದು, ಆದರೆ ಮಕ್ಕಳನ್ನು ಕಟ್ಟಿಕೊಂಡು ದೂರ ಹೋಗುವ ವಿಚಾರ ತಿಳಿಯುತ್ತದೆ. ನಾನು ಸಣ್ಣವಳಿದ್ದಾಗ ಬನದ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದೆವು. ಎಲ್ಲಿ ನಿಲ್ಲಬೇಕೆಂಬುದನ್ನು ನಮ್ಮ ಅಜ್ಜ ನಿರ್ಧರಿಸುತ್ತಿರಲಿಲ್ಲ, ಎತ್ತುಗಳು ನಿರ್ಧರಿಸುತ್ತಿದ್ದವು. ನೀರು ಇರುವಲ್ಲಿ, ನೆರಳು ಇರುವಲ್ಲಿ ನೊಗ ಇಳಿಸಿದರೆ ಎತ್ತುಗಳು ಮೇಯುತ್ತಿದ್ದವು, ಹೆಂಗಸರು ಬುತ್ತಿ ಬಿಚ್ಚುತ್ತಿದ್ದರು, ನಾವು ಹುಡುಗರು ಹೊಲದಲ್ಲಿ ಓಡಾಡುತ್ತಿದ್ದೆವು. ಈಗ ಎತ್ತಿನ ಬದಲು ಎಂಜಿನ್ನು ಇದೆ, ಅದಕ್ಕೆ ದಣಿವಿಲ್ಲ, ಆದ್ದರಿಂದ ನಿಲ್ಲಬೇಕೆಂಬ ನೆನಪೇ ಯಾರಿಗೂ ಆಗುವುದಿಲ್ಲ. ನಿಮ್ಮ ಗಾಡಿಯಲ್ಲಿ ಎತ್ತುಗಳ ಜಾಗದಲ್ಲಿ ಆ ಎರಡು ಮಕ್ಕಳಿದ್ದಾರೆಂದು ತಿಳಿದುಕೊಳ್ಳಿರಿ.

ಬುತ್ತಿಯ ಬಗ್ಗೆ ಕೇಳಿದ್ದೀರಿ. ಮೊದಲ ದಿನಕ್ಕೆ ಮೆತ್ತನೆಯ ಚಪಾತಿ ಮತ್ತು ಹಾಲು ಹೆಚ್ಚು ಹಾಕಿ ಕಲಸಿದ ಮೊಸರನ್ನ. ಅದು ಮಧ್ಯಾಹ್ನದೊಳಗೆ ಮುಗಿಯಬೇಕು, ಉಳಿದರೆ ಇಟ್ಟುಕೊಳ್ಳಬಾರದು. ಮುಂದಿನ ದಿನಗಳಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ರವೆ ಉಂಡಿ, ಅಳ್ಳಿಟ್ಟು ಕಟ್ಟಿಕೊಳ್ಳಿರಿ. ಎಲ್ಲಕ್ಕಿಂತ ಮಿಗಿಲಾಗಿ ಒಂದು ಡಬ್ಬಿ ಮಾದಲಿ (ಗೋಧಿ, ಬೆಲ್ಲದ ಪುಡಿ ಸಿಹಿ) ಇರಲಿ. ಎಲ್ಲಿ ಬಿಸಿ ಹಾಲು ಸಿಗುತ್ತದೆಯೋ ಅಲ್ಲಿ ಕಲಸಿ ಒಂದು ಚಮಚ ತುಪ್ಪ ಹಾಕಿದರೆ ಕೂಸಿನ ಊಟ ಆಯಿತು, ಹೋಟೆಲಿನ ಖಾರದ ಪಲ್ಯವನ್ನು ತೊಳೆದು ತಿನ್ನಿಸುವ ಪಾಡು ಇರುವುದಿಲ್ಲ. ಹಾದಿಯಲ್ಲಿ ಕೈಯಾಡಿಸಲು ಚುರುಮುರಿ, ಪುಟಾಣಿ, ಹುರಿದ ಶೇಂಗಾ ಇರಲಿ.

ಮಕ್ಕಳ ವೈದ್ಯೆ, ಧಾರವಾಡ

ಅಜ್ಜಿಯವರ ಬುತ್ತಿಗೆ ನನ್ನ ಸಂಪೂರ್ಣ ಒಪ್ಪಿಗೆ ಇದೆ, ಆದರೆ ಕೊನೆಯ ಸಾಲನ್ನು ತಿದ್ದಲೇಬೇಕಾಗಿದೆ. ಅವರು ತಪ್ಪು ತಿಳಿಯಬಾರದು. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಮತ್ತು ಪುಟಾಣಿಯನ್ನು ಚಲಿಸುವ ಗಾಡಿಯಲ್ಲಿ ಕೊಡಬಾರದು. ದವಡೆಯ ಹಲ್ಲುಗಳಿಂದ ಚೆನ್ನಾಗಿ ಅಗಿಯುವ ರೂಢಿ ಇನ್ನೂ ಬಲಿತಿರುವುದಿಲ್ಲ, ಗಾಡಿ ಗಕ್ಕನೆ ಕುಲುಕಿದಾಗ ಅಥವಾ ಮಗು ನಕ್ಕಾಗ ಕಾಳು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯಬಹುದು. ಮುಂದಿನ ಆಸನದಲ್ಲಿ ಕುಳಿತವರಿಗೆ ಅದು ತಕ್ಷಣ ಗೊತ್ತೂ ಆಗುವುದಿಲ್ಲ. ಶೇಂಗಾವನ್ನು ಹಿಂಡಿಯಾಗಿ, ಹೋಳಿಗೆಯ ಹೂರಣವಾಗಿ ಕೊಡಲು ತೊಂದರೆಯಿಲ್ಲ. ತಿನ್ನುವುದೆಲ್ಲ ಗಾಡಿ ನಿಂತ ಮೇಲೆ ಎಂಬ ನಿಯಮ ಮಾಡಿಕೊಂಡರೆ ನಿಲ್ಲಲು ಒಂದು ಕಾರಣವೂ ಸಿಗುತ್ತದೆ.

ಎಷ್ಟು ಹೊತ್ತಿಗೊಮ್ಮೆ ನಿಲ್ಲಬೇಕೆಂದರೆ, ಎಚ್ಚರವಿರುವ ಸಣ್ಣ ಮಗುವನ್ನು ಆಸನಕ್ಕೆ ಕಟ್ಟಿ ಕೂರಿಸುವ ಮಿತಿ ಸುಮಾರು ಎರಡು ತಾಸು. ನಿಂತಾಗ ಐದು ನಿಮಿಷ ಸಾಲದು. ಇಪ್ಪತ್ತು ಮೂವತ್ತು ನಿಮಿಷ ಅವರು ಕಾಲಿನ ಮೇಲೆ ಇರಬೇಕು, ಓಡಬೇಕು.

ಆಸನದ ವಿಚಾರ ಇದಕ್ಕಿಂತ ಮುಖ್ಯವಾದದ್ದು. ನಮ್ಮ ಕಡೆ ಎರಡು ವರ್ಷದ ಕೂಸು ತಾಯಿಯ ತೊಡೆಯ ಮೇಲೆ, ಅದೂ ಮುಂದಿನ ಆಸನದಲ್ಲಿ ಕುಳಿತಿರುತ್ತದೆ. ಢಿಕ್ಕಿಯಾದಾಗ ಯಾವ ತಾಯಿಯ ಕೈಗೂ ಆ ಭಾರವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ, ಗಾಳಿಚೀಲ ಬಿಚ್ಚಿಕೊಂಡರೆ ಅದೇ ಮಗುವಿಗೆ ಪೆಟ್ಟು ಕೊಡುತ್ತದೆ. ಇಬ್ಬರೂ ಹಿಂದಿನ ಸಾಲಿನಲ್ಲಿ, ತಮ್ಮ ತೂಕ ಮತ್ತು ಎತ್ತರಕ್ಕೆ ತಕ್ಕ ಮಕ್ಕಳ ಆಸನದಲ್ಲಿ ಇರಬೇಕು. ಕೊಳ್ಳುವಾಗ ಮಕ್ಕಳ ಆಸನದ ಸುರಕ್ಷತಾ ಮಾನದಂಡವಾದ ಎಐಎಸ್ 072ರ ಗುರುತು ನೋಡಿರಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಕಲಮಿನ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಆಸನದ ರಕ್ಷಣೆ ಇಲ್ಲದಿದ್ದರೆ 1,000 ರೂಪಾಯಿ ದಂಡವಿದೆ, ಆದರೆ ದಂಡಕ್ಕೆ ಹೆದರಿ ಮಾಡಬೇಕಾದ ಕೆಲಸ ಇದಲ್ಲ. ಹೊರಡುವ ದಿನವೇ ಹೊಸ ಆಸನದಲ್ಲಿ ಕೂರಿಸಿದರೆ ಮಗ ರಂಪ ಮಾಡುತ್ತಾನೆ, ಆದ್ದರಿಂದ ಈಗಿನಿಂದಲೇ ಊರೊಳಗೆ ತಿರುಗಾಡುವಾಗ ರೂಢಿ ಮಾಡಿಸಿರಿ.

ಗಾಡಿಯ ಓಲಾಟದಿಂದ ಬರುವ ವಾಂತಿ ಎರಡು ವರ್ಷದೊಳಗಿನ ಮಕ್ಕಳಲ್ಲಿ ಅಪರೂಪ, ಅಲ್ಲಿಂದ ಹನ್ನೆರಡರವರೆಗೆ ಹೆಚ್ಚು. ನಿಮ್ಮ ಮಗ ಆ ವಯಸ್ಸಿಗೆ ಈಗ ಕಾಲಿಟ್ಟಿದ್ದಾನೆ. ಮೊಬೈಲು ಕೈಗೆ ಕೊಟ್ಟರೆ ಅದು ಹೆಚ್ಚಾಗುತ್ತದೆ, ಏಕೆಂದರೆ ಕಣ್ಣು ನಿಂತದ್ದನ್ನು ನೋಡುತ್ತಿರುತ್ತದೆ, ಒಳಗಿವಿ ಚಲನೆಯನ್ನು ಹೇಳುತ್ತಿರುತ್ತದೆ. ಕಿಟಕಿ ಸ್ವಲ್ಪ ತೆರೆದು ದೂರದ ಗುಡ್ಡವನ್ನೋ ಲಾರಿಯನ್ನೋ ತೋರಿಸಿರಿ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಪದ್ಧತಿ ಬೇಡ, ನಿಮ್ಮ ವೈದ್ಯರನ್ನು ಕೇಳಿಯೇ ಔಷಧ ತೆಗೆದುಕೊಳ್ಳಿರಿ. ಭೇದಿಯಾದರೆ ಬೇಕಾಗುವ ಓಆರ್‌ಎಸ್ ಪುಡಿಯನ್ನು ಇಲ್ಲಿಯೇ ಔಷಧದ ಅಂಗಡಿಯಲ್ಲಿ ಕೊಂಡುಕೊಂಡು ಹೋಗಿರಿ. ಅಂತಹ ಹೆಸರಿಟ್ಟುಕೊಂಡ ಸಿಹಿ ಪಾನೀಯಗಳು ಬೇರೆ, ಪುಡಿ ಬೇರೆ. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಪಾನೀಯಗಳ ಮೇಲೆ ಆ ಹೆಸರನ್ನು ಬಳಸುವುದನ್ನು ನಿಲ್ಲಿಸಲು ಹೇಳಿದ್ದು ಇದೇ ಗೊಂದಲಕ್ಕಾಗಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರು ಶುದ್ಧ ನೀರಿನಲ್ಲಿಯೇ ಕರಗಿಸಬೇಕು, ಇಪ್ಪತ್ನಾಲ್ಕು ತಾಸಿನ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಇನ್ನು, ಚಹಾ ಕುಡಿದು ಬರುತ್ತೇವೆಂದು ಮಲಗಿದ ಮಗುವನ್ನು ಮುಚ್ಚಿದ ಕಾರಿನಲ್ಲಿ ಹತ್ತು ನಿಮಿಷಕ್ಕೂ ಬಿಟ್ಟು ಹೋಗಬಾರದು.

ಸಪ್ತಾಪುರದ ಅಜ್ಜಿ, ಧಾರವಾಡ

ಡಾಕ್ಟರ್ ಬಾಯಾರೆ, ತಪ್ಪು ತಿಳಿಯುವುದೇನು ಬಂತು? ಶೇಂಗಾ ಪುಟಾಣಿ ಬುತ್ತಿಯಿಂದ ತೆಗೆದೆ. ಚುರುಮುರಿಯನ್ನು ಗಾಡಿ ನಿಂತಾಗ ದೊಡ್ಡವಳಿಗೆ ಮಾತ್ರ ಕೊಡಲಿ.

ವಿದ್ಯಾನಗರದ ತಾಯಿ, ಹುಬ್ಬಳ್ಳಿ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಸವದತ್ತಿಗೆ ಹೋಗಿದ್ದೆನೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ನಿನ್ನೆ ಎರಡು ಆಸನ ತರಿಸಿದೆವು.

ಯಜಮಾನರು ಚರ್ಚೆಯನ್ನೆಲ್ಲ ಓದಿದರು. ಹಾವೇರಿಯವರ ಅನುಭವ ಓದಿ ಸ್ವಲ್ಪ ಮೆತ್ತಗಾಗಿದ್ದಾರೆ, ಆದರೂ ಅವರಿಗೆ ಎರಡು ಸಂದೇಹಗಳಿವೆ. ದಿನಗಳನ್ನು ಹೆಚ್ಚಿಸಿದರೆ ಮಕ್ಕಳಿಗೆ ಹಾದಿಯೇ ಬೇಸರವಾಗುವುದಿಲ್ಲವೇ, ಬೇಗ ಮುಟ್ಟಿಸಿಬಿಟ್ಟರೆ ಅವರಿಗೂ ಸುಖವಲ್ಲವೇ ಎಂಬುದು ಒಂದು. 52ರಲ್ಲಿ ಮಕ್ಕಳಿಗೆ ನೋಡುವಂತಹದ್ದು ಏನಿದೆ ಎಂಬುದು ಇನ್ನೊಂದು. ಚಾಲಕ ಅಣ್ಣನವರು ಊರೂರಿನ ವಿವರ ಕೊಟ್ಟರೆ ಮನೆಯಲ್ಲಿ ನನ್ನ ವಾದಕ್ಕೆ ಬಲ ಬರುತ್ತದೆ.

ನರಗುಂದ ರಸ್ತೆಯ ಚಾಲಕ, ಗದಗ

ಮೊದಲನೆಯ ಸಂದೇಹಕ್ಕೆ ಅಜ್ಜಿಯವರೇ ಉತ್ತರ ಕೊಟ್ಟಿದ್ದಾರೆ. ಮಕ್ಕಳಿಗೆ ಜೈಪುರವೆಂದರೆ ಏನೆಂದು ಗೊತ್ತಿಲ್ಲ, ನಿಂತ ಜಾಗವೇ ಅವರ ಊರು. ಎರಡನೆಯದಕ್ಕೆ ನಾನು ಹೇಳುತ್ತೇನೆ.

ಬೆಳಿಗ್ಗೆ ಐದೂವರೆ, ಆರಕ್ಕೆ ಹುಬ್ಬಳ್ಳಿ ಬಿಡಿರಿ, ಮಕ್ಕಳು ನಿದ್ದೆಯಲ್ಲಿಯೇ ನವಲಗುಂದ, ನರಗುಂದ ದಾಟಲಿ. (ಗದಗಿನಿಂದ ಹೊರಡುವವರು ಹುಬ್ಬಳ್ಳಿಗೆ ಬರುವ ಕಾರಣವೇ ಇಲ್ಲ, ನರಗುಂದದಲ್ಲಿ ಕೂಡಿಕೊಳ್ಳಬಹುದು.) ಕುಳಗೇರಿ ಕ್ರಾಸಿನಲ್ಲಿ ಬಾದಾಮಿಯ ಕಡೆ ತಿರುಗಬೇಕೆನಿಸುತ್ತದೆ, ತಿರುಗಬೇಡಿ, ಅದು ನಮ್ಮ ಮನೆಯ ಹಿತ್ತಿಲು, ಯಾವಾಗಲಾದರೂ ನೋಡಬಹುದು. ಮೊದಲ ನಿಲುಗಡೆ ಕೊಲ್ಹಾರ. ಕೃಷ್ಣೆಯ ಮೇಲಿನ ಆ ಉದ್ದ ಸೇತುವೆಯಲ್ಲಿ ಆಲಮಟ್ಟಿಯ ಹಿನ್ನೀರು ಎರಡೂ ಬದಿಗೆ ಸಮುದ್ರದಂತೆ ಕಾಣುತ್ತದೆ, ಮಕ್ಕಳು ಎದ್ದು ಕುಳಿತು ನೋಡುತ್ತಾರೆ. ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ, ದಾಟಿ ಊರಲ್ಲಿ ನಿಲ್ಲಿಸಿರಿ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಕೊಲ್ಹಾರದ ಮೊಸರು ಅಲ್ಲಿ ಸಿಗುತ್ತದೆ, ಗಡಿಗೆ ತಲೆಕೆಳಗು ಮಾಡಿದರೂ ಬೀಳದಷ್ಟು ಗಟ್ಟಿ ಎಂದು ಮಾರುವವರೇ ಹೇಳುತ್ತಾರೆ. ಕಾರಿನಲ್ಲಿ ಮಾತ್ರ ಈ ಪರೀಕ್ಷೆ ಬೇಡ.

ವಿಜಯಪುರದಲ್ಲಿ ಗೋಲಗುಮ್ಮಟದ ಮುಂದಿನ ತೋಟವೇ ಮಕ್ಕಳಿಗೆ ಸಾಕು, ಓಡಲು ಅಷ್ಟು ದೊಡ್ಡ ಹುಲ್ಲುಹಾಸು ಹೆದ್ದಾರಿಯ ಮೇಲೆ ಬೇರೆಲ್ಲೂ ಸಿಗುವುದಿಲ್ಲ. ಪಿಸುಮಾತಿನ ಗ್ಯಾಲರಿಗೆ ಹೋಗುವ ಮೆಟ್ಟಿಲು ಕಡಿದು, ಇಕ್ಕಟ್ಟು. ದೊಡ್ಡವಳನ್ನು ಒಬ್ಬರು ಕರೆದುಕೊಂಡು ಹೋಗಲಿ, ಸಣ್ಣವನೊಂದಿಗೆ ಇನ್ನೊಬ್ಬರು ಕೆಳಗಿರಲಿ. ಅಲ್ಲಿಂದ ನೂರು ಕಿಲೋಮೀಟರು ಸೊಲ್ಲಾಪುರ, ಮೊದಲ ವಸ್ತಿ. ಕೆರೆಯ ನಡುವೆ ಸಿದ್ಧರಾಮೇಶ್ವರನ ಗುಡಿ ಇದೆ, ಸಂಜೆ ಅಲ್ಲಿ ಕೂಡಲು ಚೆನ್ನ. ಊರಲ್ಲಿ ಕನ್ನಡ ನಡೆಯುತ್ತದೆ, ಆದ್ದರಿಂದ ಮಗುವಿಗೆ ಖಾರವಿಲ್ಲದ ಅನ್ನ ಬೇಕೆಂದು ಹೇಳಿ ತಿಳಿಸುವುದು ಸುಲಭ.

ಎರಡನೆಯ ದಿನ ಉದ್ದದ್ದು, ಮುನ್ನೂರರ ಮೇಲೆ. ತುಳಜಾಪುರ ಬೇಗ ಬರುತ್ತದೆ, ಬೀಡ್ ನಡುದಾರಿ. ಔರಂಗಾಬಾದ್ ನಗರದಲ್ಲಿಯಾದರೂ ಇಳಿಯಿರಿ, ಇನ್ನೂ ಮೂವತ್ತು ಕಿಲೋಮೀಟರು ಮುಂದೆ ವೇರೂಳದಲ್ಲಿಯಾದರೂ ಇಳಿಯಿರಿ, ಎರಡು ರಾತ್ರಿ ಇರಿ. ಎಲ್ಲೋರಾ ಗುಹೆಗಳಿರುವುದು ಆ ವೇರೂಳದಲ್ಲಿಯೇ, ಧುಳೆಗೆ ಹೋಗುವ ಹಾದಿಯಲ್ಲಿಯೇ. ಎಲ್ಲೋರಾ ಮಂಗಳವಾರ ಮುಚ್ಚಿರುತ್ತದೆ, ಅಜಂತಾ ಸೋಮವಾರ. ಹೊರಡುವ ದಿನವನ್ನು ಇದನ್ನು ನೋಡಿಯೇ ಗೊತ್ತು ಮಾಡಿರಿ. ಒಮ್ಮೆ ನಾನು ಯಾತ್ರೆಯವರನ್ನು ಮಂಗಳವಾರ ಕರೆದೊಯ್ದು ಬೈಸಿಕೊಂಡಿದ್ದೇನೆ.

ಸಪ್ತಾಪುರದ ಅಜ್ಜಿ, ಧಾರವಾಡ

ಎಲ್ಲೋರಾದ ಮಾತು ಬಂದಿದ್ದರಿಂದ ಸುಮ್ಮನಿರಲಾರೆ. ಹದಿನಾರನೆಯ ಗುಹೆಯ ಕೈಲಾಸ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕೆತ್ತಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಬೆಟ್ಟವನ್ನು ಮೇಲಿನಿಂದ ಕೆಳಗೆ ಕಡಿಯುತ್ತ ಬಂದು ಗುಡಿ ಮಾಡಿದ್ದಾರೆ, ಅಂದರೆ ಮೊದಲು ಕಳಸ, ಆಮೇಲೆ ಅಡಿಪಾಯ. ಐದು ವರ್ಷದ ಹುಡುಗಿಗೆ ಇದನ್ನು ಹೀಗೆಯೇ ಹೇಳಿರಿ, ಮರೆಯುವುದಿಲ್ಲ. ಮುಂದೆ ಅದೇ ರಸ್ತೆಯಲ್ಲಿ ಕನ್ನಡ ಎಂಬ ಹೆಸರಿನ ತಾಲ್ಲೂಕು ಊರೇ ಇದೆ, ಫಲಕ ಬಂದಾಗ ತೋರಿಸಿರಿ.

ಬೆಟಗೇರಿಯ ಓದುಗ

ಟೋಲಿನ ಬಗ್ಗೆ ಯಾರೂ ಹೇಳಲಿಲ್ಲ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸು ಬಂದಿದೆ. ಆರಂಭದಲ್ಲಿ ಅದರ ದರ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಯವರೆಗೆ ರಾಷ್ಟ್ರೀಯ ಹೆದ್ದಾರಿಗಳಲ್ಲಿ ನಡೆಯುತ್ತದೆ. ರಾಜ್ಯಗಳಿಗೆ ಸೇರಿದ ರಸ್ತೆಗಳಲ್ಲಿ, ಉದಾಹರಣೆಗೆ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಮಾರ್ಗದಲ್ಲಿ, ನಡೆಯುವುದಿಲ್ಲ. ಹೋಗಿ ಬರುವ ಎರಡೂ ಪಯಣ ಕಾರಿನದ್ದೇ ಆದ್ದರಿಂದ ನಿಮಗೆ ಲಾಭವಾದೀತು. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಯಾವ ತುರ್ತಿಗಾದರೂ 112.

ಹಾವೇರಿಯ ಅಪ್ಪ

ಚಾಲಕ ಅಣ್ಣನವರ ವಿವರ ಚೆನ್ನಾಗಿದೆ, ಆದರೂ 48ರ ಪರವಾಗಿ ಯಾರಾದರೂ ಮಾತಾಡಬೇಕಲ್ಲ. ಅದರಲ್ಲಿ ಆಸ್ಪತ್ರೆಗಳಿರುವ ದೊಡ್ಡ ಊರುಗಳು ಹತ್ತಿರ ಹತ್ತಿರ ಇವೆ, ಬಹುಪಾಲು ರಸ್ತೆ ಅಗಲವಾಗಿದೆ. ನಿಧಾನವಾಗಿ ಹೋಗುವವರಿಗೆ ಮಕ್ಕಳ ಜಾಗಗಳೂ ಕಡಿಮೆಯಿಲ್ಲ. ಧಾರವಾಡ ದಾಟಿದರೆ ಕಿತ್ತೂರಿನ ಕೋಟೆ ಇದೆ, ಪುಣೆಯ ಕಾತ್ರಜ್‌ನಲ್ಲಿ ಮೃಗಾಲಯವಿದೆ (ಬುಧವಾರ ಮುಚ್ಚಿರುತ್ತದೆ), ವಡೋದರಾದ ಸಯಾಜಿ ಬಾಗಿನಲ್ಲಿ ಒಂದು ಇಡೀ ಮಧ್ಯಾಹ್ನ ಕಳೆಯಬಹುದು, ಅಹಮದಾಬಾದಿನ ಕಾಂಕರಿಯಾ ಕೆರೆಯ ಸುತ್ತ ಸಂಜೆ ಕಳೆಯಬಹುದು. ಎರಡು ವರ್ಷದ ಮಗು ಗುಹೆ ನೋಡಿ ಏನು ಮಾಡಬೇಕು? ಅದಕ್ಕೆ ಬೇಕಾದದ್ದು ಆನೆ, ಜಾರುಬಂಡಿ.

ನರಗುಂದ ರಸ್ತೆಯ ಚಾಲಕ, ಗದಗ

ಆಸ್ಪತ್ರೆಯ ಮಾತನ್ನು ಒಪ್ಪುತ್ತೇನೆ. ಅದಕ್ಕಾಗಿಯೇ ನಾನು ಹೇಳಿದ ವಸ್ತಿಗಳು ಆದಷ್ಟು ದೊಡ್ಡ ಊರುಗಳಲ್ಲಿ ಅಥವಾ ಅವುಗಳ ಹತ್ತಿರದಲ್ಲಿವೆ. ಇನ್ನು ಮುಂದಿನ ಹಾದಿ ಕೇಳಿರಿ.

ವೇರೂಳದಿಂದ ಕನ್ನಡ ಊರು, ಅದಾದ ಮೇಲೆ ಚಾಳೀಸಗಾವಿನ ಕಡೆಗೆ ಇಳಿಯುವ ಔಟ್ರಾಮ್ ಘಾಟಿ. ಧುಳೆಯಿಂದ ಮುಂದೆ ದೊಡ್ಡ ರಸ್ತೆ. ಮಧ್ಯಪ್ರದೇಶದ ಗಡಿಯಲ್ಲಿ ಸೇಂಧವಾದ ಹತ್ತಿರ ಬಿಜಾಸನ ಘಾಟಿಯ ಇಳಿಜಾರಿನಲ್ಲಿ ಲಾರಿಗಳಿಂದ ದೂರವಿರಿ. ಖಲಘಾಟಿನಲ್ಲಿ ನರ್ಮದೆ ದಾಟಿ ಧಾಮನೋದದಲ್ಲಿ ಬಲಕ್ಕೆ ಹದಿಮೂರು ಕಿಲೋಮೀಟರು ಹೋದರೆ ಮಹೇಶ್ವರ, ಅಹಲ್ಯಾಬಾಯಿ ಹೋಳ್ಕರರ ರಾಜಧಾನಿ. ಸಣ್ಣ, ಶಾಂತವಾದ ಊರು, ನದಿಯ ದಂಡೆಯಲ್ಲಿ ಕೋಟೆ, ಘಟ್ಟದ ಮೆಟ್ಟಿಲುಗಳು. ಹೆದ್ದಾರಿಯ ಗದ್ದಲದ ಮೇಲೆ ಅಲ್ಲಿ ಒಂದು ರಾತ್ರಿ ಮಲಗಿದರೆ ದೊಡ್ಡವರಿಗೂ ಹಿತ. ಮೆಟ್ಟಿಲುಗಳು ನೇರವಾಗಿ ನೀರಿಗೆ ಇಳಿಯುವುದರಿಂದ ಸಣ್ಣವನ ಕೈ ಬಿಡಬಾರದು.

ಅಲ್ಲಿಂದ ಇಂದೋರ್ ತೊಂಬತ್ತೇ ಕಿಲೋಮೀಟರು. ಆನೆ ಬೇಕೆಂದ ಹಾವೇರಿಯ ಅಣ್ಣನವರಿಗಾಗಿ ಹೇಳುತ್ತೇನೆ, ಇಂದೋರಿನಲ್ಲಿಯೂ ಮೃಗಾಲಯವಿದೆ. ಬೆಳಗಿನ ಪೋಹಾ ಮಕ್ಕಳಿಗೆ ಹೇಳಿ ಮಾಡಿಸಿದ ತಿಂಡಿ, ನಮ್ಮ ಒಗ್ಗರಣೆ ಅವಲಕ್ಕಿಯೇ, ಸ್ವಲ್ಪ ಸಿಹಿ. ಮುಂದೆ ಉಜ್ಜಯಿನಿ, ಆಗರ, ಝಾಲಾವಾಡದ ಮೇಲೆ ಕೋಟಾ ಮುಟ್ಟಿದರೆ ಮರುದಿನ ಜೈಪುರಕ್ಕೆ ಸುಮಾರು 250 ಕಿಲೋಮೀಟರು ಉಳಿಯುತ್ತದೆ.

ಶೌಚದ ಬಗ್ಗೆ ಒಂದು ಉಪಾಯ. ಟ್ಯಾಂಕನ್ನು ಒಂದೇ ಸಲ ತುಂಬಿಸಬೇಡಿ. ನಿಂತಲ್ಲೆಲ್ಲ ಐನೂರು, ಸಾವಿರದ ಎಣ್ಣೆ ಹಾಕಿಸುತ್ತ ಹೋದರೆ ಪಂಪಿನವರನ್ನು ಶೌಚಾಲಯದ ಕೀಲಿ ಕೇಳಲು ಸಂಕೋಚವಾಗುವುದಿಲ್ಲ. ಸಣ್ಣವನನ್ನು ಮನೆಯಲ್ಲಿ ಶೌಚಕ್ಕೆ ಕೂರಿಸುವ ಪಾಟಿಯನ್ನೇ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ, ಕೊಳಕು ಶೌಚಾಲಯ ಕಂಡರೆ ಮಕ್ಕಳು ತಡೆದುಕೊಂಡು ಹೊಟ್ಟೆನೋವು ತಂದುಕೊಳ್ಳುತ್ತಾರೆ.

ವಿದ್ಯಾನಗರದ ತಾಯಿ, ಹುಬ್ಬಳ್ಳಿ

ಬಹಳ ಚರ್ಚೆಯ ಮೇಲೆ ಮನೆಯಲ್ಲಿ ಒಪ್ಪಿಗೆಯಾಯಿತು. 52ನೆಯ ಹೆದ್ದಾರಿಯಲ್ಲಿ ಏಳು ದಿನ: ಶನಿವಾರ ಸೊಲ್ಲಾಪುರ, ಭಾನುವಾರ ಮತ್ತು ಸೋಮವಾರ ವೇರೂಳ, ಮಂಗಳವಾರ ಮಹೇಶ್ವರ, ಬುಧವಾರ ಇಂದೋರ್, ಗುರುವಾರ ಕೋಟಾ, ಶುಕ್ರವಾರ ಜೈಪುರ. ಇಂದೋರಿನ ದಿನ ಸಣ್ಣದಾಗಿರುವುದರಿಂದ ಅಲ್ಲಿ ಬಟ್ಟೆ ಒಗೆಸಿಕೊಳ್ಳಬಹುದೆಂಬುದು ನನ್ನ ಲೆಕ್ಕ. ಎಲ್ಲಾ ವಸತಿಗೃಹಗಳಿಗೂ ಫೋನ್ ಮಾಡಿ ನೆಲಮಹಡಿಯ ಕೋಣೆ ಇದೆಯೇ, ರಾತ್ರಿ ಬಿಸಿ ಹಾಲು ಸಿಗುತ್ತದೆಯೇ ಎಂದು ನಾನೇ ಕೇಳಿದ್ದೇನೆ. ಮಕ್ಕಳ ಎರಡು ಜೊತೆ ಬಟ್ಟೆ, ಟವೆಲ್ಲು, ಪ್ಲಾಸ್ಟಿಕ್ ಚೀಲಗಳನ್ನು ದೊಡ್ಡ ಪೆಟ್ಟಿಗೆಯೊಳಗೆ ಹಾಕದೆ ಕಾಲ ಬಳಿಯೇ ಇಡುತ್ತೇನೆ. ಯಜಮಾನರು ಈಗಲೂ ಏಳು ದಿನವೇ ಎಂದು ಒಮ್ಮೊಮ್ಮೆ ನಿಟ್ಟುಸಿರು ಬಿಡುತ್ತಾರೆ.

ವಿದ್ಯಾನಗರದ ತಾಯಿ, ವೇರೂಳದಿಂದ

ಸೋಮವಾರ ರಾತ್ರಿ ಬರೆಯುತ್ತಿದ್ದೇನೆ. ಕೊಲ್ಹಾರದ ಮೊಸರನ್ನು ಮಗ ಗಡಿಗೆಯೊಳಗೆ ಕೈಹಾಕಿಯೇ ತಿಂದ. ಗೋಲಗುಮ್ಮಟದ ಗ್ಯಾಲರಿಯಲ್ಲಿ ಇತರ ಮಕ್ಕಳ ಕಿರುಚಾಟ ಮತ್ತೆ ಮತ್ತೆ ಮೊಳಗಿದ್ದರಿಂದ ಮಗಳು ಹೆದರಿ ಅಪ್ಪನ ಕುತ್ತಿಗೆ ಬಿಡಲಿಲ್ಲ. ಕೆಳಗೆ ಹುಲ್ಲಿನ ಮೇಲೆ ಮುಕ್ಕಾಲು ತಾಸು ಇಬ್ಬರೂ ಓಡಿದರು, ಸೊಲ್ಲಾಪುರದವರೆಗೆ ಒಂದೇ ನಿದ್ದೆ. ಎರಡನೆಯ ದಿನ ಬೀಡ್ ದಾಟಿದ ಮೇಲೆ ಸ್ವಲ್ಪ ಅತ್ತರು, ಒಂದು ಧಾಬಾದ ಬೇವಿನ ಮರದ ಕೆಳಗೆ ನಿಂತು ಮಾದಲಿ ಕಲಸಿ ಕೊಟ್ಟೆ.

ಇಂದು ಕೈಲಾಸದಲ್ಲಿ ಕಳಸ ಮೊದಲು, ಅಡಿಪಾಯ ಆಮೇಲೆ ಎಂಬ ಅಜ್ಜಿಯವರ ಮಾತನ್ನು ಹೇಳಿದಾಗ, ಹಾಗಾದರೆ ಕೆತ್ತುವವರು ಕೆಳಗೆ ಹೇಗೆ ಇಳಿದರು ಎಂದು ಮಗಳು ಕೇಳಿದಳು, ನಮಗೆ ಉತ್ತರ ಹೊಳೆಯಲಿಲ್ಲ. ಮಗ ಕಲ್ಲಿನ ಆನೆಗಳನ್ನು ಒಂದು ಸಲ ನೋಡಿ, ಉಳಿದ ಹೊತ್ತೆಲ್ಲ ಅಂಗಳದ ಸಣ್ಣ ಹರಳುಗಳನ್ನು ಬಾಟಲಿಯ ಮುಚ್ಚಳಕ್ಕೆ ತುಂಬಿದ. ಹಾವೇರಿಯವರ ಮಾತು ಅರ್ಧ ನಿಜ. ನಾಳೆ ಔಟ್ರಾಮ್ ಘಾಟಿ. ಮಗನಿಗೆ ತಿಂಡಿ ಕೊಟ್ಟು ಹೊರಡಲೇ, ಬರಿಹೊಟ್ಟೆಯಲ್ಲಿ ಹೊರಡಲೇ?

ಮಕ್ಕಳ ವೈದ್ಯೆ, ಧಾರವಾಡ

ಬರಿಹೊಟ್ಟೆಯೂ ಬೇಡ, ತುಂಬಿದ ಹೊಟ್ಟೆಯೂ ಬೇಡ. ಹೊರಡುವ ಒಂದು ತಾಸು ಮೊದಲು ಒಂದು ಇಡ್ಲಿಯನ್ನೋ ಅರ್ಧ ಚಪಾತಿಯನ್ನೋ ಕೊಡಿರಿ, ಹಾಲು ಮಾತ್ರ ಘಾಟಿ ಇಳಿದ ಮೇಲೆ. ಆ ಹೊತ್ತಿಗೆ ಅವನು ನಿದ್ದೆ ಹೋದರೆ ಎಬ್ಬಿಸಬೇಡಿ.

ನರಗುಂದ ರಸ್ತೆಯ ಚಾಲಕ, ಗದಗ

ಏಳು ಗಂಟೆಯೊಳಗೆ ವೇರೂಳ ಬಿಡಿರಿ, ತಾಯಿ. ಕನ್ನಡ ಊರಲ್ಲಿ ಹತ್ತು ನಿಮಿಷ ಇಳಿದು ಗಾಳಿ ಆಡಿಸಿಕೊಂಡು ಘಾಟಿಗೆ ಇಳಿಯಿರಿ. ಇಳಿಯುವಾಗ ಯಜಮಾನರು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೋಗದೆ ಎರಡನೆಯ ಗೇರಿನಲ್ಲಿ ಬಿಡಲಿ, ಗಾಡಿ ಎತ್ತಿಹಾಕುವುದು ಕಡಿಮೆಯಾದರೆ ಹುಡುಗನ ಹೊಟ್ಟೆಯೂ ನಿಲ್ಲುತ್ತದೆ. ಚಾಳೀಸಗಾವ್ ಬರುವವರೆಗೆ ನೀವು ಮುಂದೆ ಕೂರಬೇಡಿ, ಹಿಂದೆ ಅವನ ಪಕ್ಕದಲ್ಲಿಯೇ ಇರಿ, ಒಂದು ಚೀಲ ಮತ್ತು ಟವೆಲ್ಲು ಕೈಯಲ್ಲಿರಲಿ.